ಓದುಗರ ಪ್ರಶ್ನೆ: ಗೋ ಆಟದಲ್ಲಿ ಕಾಯಿ ಕೂಡಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಗೋ ಆಟದಲ್ಲಿ ಕಾಯಿಗಳನ್ನು ಜೋಡಿಸುವ ಬಗ್ಗೆಯೇ ಇದ್ದವು. ಗೋ ಅಂದರೆ ಕಪ್ಪು, ಬಿಳಿ ಕಾಯಿಗಳಿಂದ ಇಬ್ಬರು ಆಡುವ, ಮಣೆಯ ಮೇಲೆ ಜಾಗ ಸುತ್ತುವರಿಯುವ ಆಟ. ಇಲ್ಲಿ ಕಾಯಿ ಇಡುವುದು ಗೆರೆಗಳು ಕೂಡುವ ಜಾಗದಲ್ಲಿ. ಅದನ್ನೇ ಇಲ್ಲಿ ಮನೆ ಎಂದಿದ್ದೇವೆ. ಪ್ರತಿ ಮನೆಗೂ ಎರಡು ಅಂಕಿ: ಮೊದಲನೆಯದು ಎಡದಿಂದ ಎಷ್ಟನೆಯ ಗೆರೆ, ಎರಡನೆಯದು ಕೆಳಗಿನಿಂದ ಎಷ್ಟನೆಯ ಗೆರೆ. ಮಣೆ ಎದುರಿಗಿಟ್ಟುಕೊಂಡು ಓದಿ.

ಪ್ರಶ್ನೆ: ನಾನು, ನನ್ನ ತಮ್ಮ ದಿನಾ ಸಂಜಿಗೆ ಗೋ ಆಡ್ತೀವ್ರಿ. ಅವ ಕತ್ತರಿಸಬಾರದಂತ ನಾ ಒಂದು ಕಾಯಿಗೆ ಇನ್ನೊಂದು ಹಚ್ಚೇ ಇಡ್ತೀನಿ. ನನ್ನ ಕಾಯಿ ಒಂದೂ ಸಾಯಂಗಿಲ್ಲ, ಆದ್ರ ಕಡೀಕ ಲೆಕ್ಕ ಹಾಕಿದ್ರ ಪ್ರತಿ ಸಲ ನಾನೇ ಸೋತಿರ್ತೀನಿ. ತಪ್ಪು ಎಲ್ಲಿ ಆಗ್ಲಿಕತ್ತದ?
— ಕಾಲೇಜು ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಒಂದೂ ಕಾಯಿ ಸಾಯುತ್ತಿಲ್ಲ ಅನ್ನುವಲ್ಲೇ ನಿಮ್ಮ ತಪ್ಪು ಅಡಗಿದೆ. ಗೆಲುವು ತೀರ್ಮಾನವಾಗುವುದು ಸುತ್ತುವರಿದ ಜಾಗದ ಲೆಕ್ಕದಲ್ಲಿ. ನೀವು ಕಾಯಿಗೆ ಕಾಯಿ ಹಚ್ಚುತ್ತ ಕೂತಷ್ಟು ಹೊತ್ತು ನಿಮ್ಮ ತಮ್ಮ ಒಂದೊಂದು ಮನೆ ಬಿಟ್ಟು ನೆಗೆದು ಜಾಗ ಹಿಡಿಯುತ್ತಿರುತ್ತಾನೆ. ಎರಡು ಕಾಯಿಗಳ ನಡುವೆ ಕೂಡಿಕೊಳ್ಳಲು ಎರಡು ದಾರಿ ಇದ್ದರೆ ಅವು ಆಗಲೇ ಕೂಡಿವೆ ಎಂದು ತಿಳಿಯಿರಿ. ಎದುರಾಳಿ ಒಂದು ದಾರಿ ಮುಚ್ಚಿದರೆ ನೀವು ಇನ್ನೊಂದನ್ನು ಹಿಡಿಯುತ್ತೀರಿ. ಅವನು ಬರುವ ತನಕ ಅಲ್ಲಿ ನಡೆ ಖರ್ಚು ಮಾಡಬೇಕಾಗಿಲ್ಲ.

ಕಪ್ಪು ಕಾಯಿಗಳನ್ನು 3-3 ಮತ್ತು 4-4ರಲ್ಲಿ ಓರೆಯಾಗಿ ಇಟ್ಟು ನೋಡಿ. ಜಪಾನಿನವರು ಇದನ್ನು ಕೊಸುಮಿ ಅನ್ನುತ್ತಾರೆ. ಬಿಳಿ 3-4ಕ್ಕೆ ಬಂದರೆ ನೀವು 4-3, ಅವನು 4-3 ಹಿಡಿದರೆ ನೀವು 3-4. ಒಂದೇ ನಡೆಯಲ್ಲಿ ಇದನ್ನು ಕತ್ತರಿಸಲಾಗದು. ಈಗ ಹೆದರಿ ಬಿಳಿ ಬರುವ ಮೊದಲೇ ನೀವೇ 3-4ರಲ್ಲಿ ಕಾಯಿ ಇಟ್ಟಿರಿ ಎನ್ನಿ. ಆಗ ಮೂರು ಕಾಯಿಗಳ ಮೂಲೆ ಆಗುತ್ತದೆ, 4-3 ಖಾಲಿ ಉಳಿಯುತ್ತದೆ. ಇದೇ ಖಾಲಿ ತ್ರಿಕೋನ. ಕಾಯಿಗೆ ಗೆರೆಯ ಮೇಲೆ ಅಂಟಿದ ಖಾಲಿ ಮನೆಯನ್ನು ಉಸಿರು ಅನ್ನುತ್ತೇವೆ. ಉಸಿರೆಲ್ಲ ಮುಚ್ಚಿದ ಕಾಯಿಗಳನ್ನು ಎದುರಾಳಿ ಎತ್ತಿಕೊಳ್ಳುತ್ತಾನೆ. ಮಣೆಯ ನಡುವೆ ಮೂರು ಕಾಯಿ ನೇರ ಸಾಲಾಗಿದ್ದರೆ 8 ಉಸಿರು, ಖಾಲಿ ತ್ರಿಕೋನಕ್ಕೆ 7. ಒಂದು ನಡೆ ಹೋಯಿತು, ಒಂದು ಉಸಿರು ಕಮ್ಮಿಯಾಯಿತು, ಮೊದಲೇ ಕೂಡಿದ್ದ ಕಾಯಿಗಳು ಮತ್ತೆ ಕೂಡಿದವು. ಒಂದು ಆಟದಲ್ಲಿ ಇಂಥ ನಡೆ ಐದಾರು ಸಲ ಬಂದರೆ ಸೋಲು ಅಲ್ಲಿಯೇ ನಿಶ್ಚಯವಾಗುತ್ತದೆ. ಆದರೆ ನಾಲ್ಕನೆಯ ಮೂಲೆ 4-3ರಲ್ಲಿ ಬಿಳಿ ಕಾಯಿ ಇದ್ದರೆ ಅದು ಖಾಲಿ ತ್ರಿಕೋನವಲ್ಲ, ಅಲ್ಲಿ 3-4 ತುಂಬುವುದು ಸರಿಯಾದ ನಡೆ.

ಇನ್ನೂ ದೂರ ಹೋಗಲು ಒಂದು ಮನೆ ಬಿಟ್ಟು ನೆಗೆಯಿರಿ. ಅಂಚಿನಿಂದ ಮೂರನೆಯ ಗೆರೆಯಲ್ಲಿ ಒಂಟಿ ಕಾಯಿಯಿಂದ ಎರಡು ಮನೆ ಬಿಡಬಹುದು, ಅಂದರೆ 3-3ರಿಂದ 6-3. ಮೇಲೆ ಕೆಳಗೆ ಎರಡು ಕಾಯಿ ಗೋಡೆಯಂತೆ ನಿಂತಿದ್ದರೆ ಮೂರು ಮನೆ. ಈ ನೆಗೆತಗಳು ಓರೆ ಜೋಡಣೆಯಷ್ಟು ಗಟ್ಟಿಯಲ್ಲ. ಎದುರಾಳಿಯ ಕಾಯಿ ಹತ್ತಿರ ಬಂದು ನಿಂತಾಗ ಒಂದು ನಡೆ ಕೊಟ್ಟು ಬಿಗಿ ಮಾಡಿಕೊಳ್ಳಬೇಕು. ಚೆಸ್ಸಿನ ಕುದುರೆಯಂತೆ ಇಟ್ಟ ಜೋಡಿ (3-3, 5-4) ಇನ್ನೂ ಸಡಿಲ: ಬಿಳಿ 4-3ಕ್ಕೆ ನುಗ್ಗಿ, ನೀವು 4-4ರಲ್ಲಿ ತಡೆದರೆ, 3-4ರಲ್ಲಿ ಕತ್ತರಿಸುತ್ತಾನೆ. ಅಲ್ಲಿ ಜಗಳಕ್ಕೆ ನಿಮ್ಮ ಬಲ ಇದ್ದರೆ ಮಾತ್ರ ಇಡಿ.

ಪ್ರಶ್ನೆ: ಬಿದಿರು ಗೆಣ್ಣಿನ ಜೋಡಣೆ ತುಂಡಾಗುವುದಿಲ್ಲ ಎಂದು ನಂಬಿದ್ದೆ. 3-4, 3-5ರಲ್ಲಿ ಒಂದು ಜೋಡಿ, 5-4, 5-5ರಲ್ಲಿ ಇನ್ನೊಂದು, ಎಲ್ಲ ನನ್ನ ಕಪ್ಪು ಕಾಯಿ. ಬಿಳಿ 4-4ಕ್ಕೆ ಬಂತು, ನಾನು 4-5 ತುಂಬಿದೆ. ಅವರು 4-6ರಲ್ಲಿ ಇಟ್ಟು ಐದೂ ಕಾಯಿ ಎತ್ತಿಕೊಂಡರು. ಇದು ಹೇಗೆ?
— ಶಾಲಾ ಶಿಕ್ಷಕರು, ಬೀದರ್

ಉತ್ತರ: ನಿಮ್ಮ ಗೆಣ್ಣು ತುಂಡಾಗಲಿಲ್ಲ, ಉಸಿರು ಕಟ್ಟಿತು. ಆ ನಾಲ್ಕು ಕಾಯಿಗಳಿಗೆ ಹೊರಗೆ ಎಂಟು ಉಸಿರು: ಎಡಕ್ಕೆ 2-4, 2-5, ಬಲಕ್ಕೆ 6-4, 6-5, ಮೇಲೆ 3-6, 5-6, ಕೆಳಗೆ 3-3, 5-3. ಎಂಟರಲ್ಲೂ ಬಿಳಿ ಕೂತಿತ್ತು, ಇಲ್ಲದಿದ್ದರೆ ಹೀಗಾಗುತ್ತಿರಲಿಲ್ಲ. ಉಳಿದದ್ದು ಒಳಗಿನ ಎರಡೇ ಮನೆ, 4-4 ಮತ್ತು 4-5. ಬಿಳಿ ಒಂದು ತುಂಬಿತು, ಇನ್ನೊಂದನ್ನು ನೀವೇ ತುಂಬಿದಿರಿ. ಕೂಡಿದ ಗುಂಪಿಗೆ 4-6 ಒಂದೇ ಉಸಿರು ಉಳಿಯಿತು.

ಆದ್ದರಿಂದ ಗೆಣ್ಣು ಕಟ್ಟಿದ ಮೇಲೂ ಹೊರಗಿನ ಉಸಿರು ಎಣಿಸುತ್ತಿರಿ. ಅದು ಎರಡು ಮೂರಕ್ಕೆ ಇಳಿಯುವ ಮೊದಲೇ ಹೊರಗೆ ದಾರಿ ಮಾಡಿಕೊಳ್ಳಿ, ಇಲ್ಲವೇ ಸುತ್ತಲಿನ ಬಿಳಿ ಕಾಯಿಗಳಲ್ಲಿ ದುರ್ಬಲವಾದ ಒಂದನ್ನು ಎತ್ತಿಕೊಳ್ಳಿ. ಎತ್ತಿದ ಜಾಗವೇ ನಿಮಗೆ ಹೊಸ ಉಸಿರು. ಎಂಟೂ ಮುಚ್ಚಿದ ಮೇಲೆ ನೀವೇ ಮೊದಲು 4-5 ತುಂಬಿದರೂ ಪ್ರಯೋಜನವಿಲ್ಲ: ಬಿಳಿ 4-4, ನೀವು 4-6ಕ್ಕೆ ಓಡಿದರೆ ಬಿಳಿ 4-7, ಮುಗಿಯಿತು.

ಇನ್ನೊಂದು ಅಪಾಯವೂ ಇದೆ. ಬಿಳಿಯ ಒಂದೇ ನಡೆ ಗೆಣ್ಣಿನೊಳಗೆ ನುಗ್ಗುವುದರ ಜೊತೆಗೆ ಪಕ್ಕದ ಇನ್ನೊಂದು ಜೋಡಣೆಗೂ ಕತ್ತರಿ ಹಾಕುವಂತಿದ್ದರೆ ನಿಮ್ಮ ಒಂದು ಉತ್ತರ ಎರಡಕ್ಕೂ ಸಾಲದು. ಇವೆರಡನ್ನು ಬಿಟ್ಟರೆ ಬಿದಿರು ಗೆಣ್ಣಿಗಿಂತ ನಂಬಿಕಸ್ಥ ಜೋಡಣೆ ಇಲ್ಲ. ಒಂದು ಮನೆಯ ನೆಗೆತದ ಪಕ್ಕ ಬಿಳಿ ಬಂದು ಇಣುಕಿದರೆ, ಅಂದರೆ ಮುಂದಿನ ನಡೆಯಲ್ಲಿ ಕತ್ತರಿಸುವ ಬೆದರಿಕೆ ಹಾಕಿದರೆ, ಉತ್ತರ ಕೊಡಲೇಬೇಕು. ಗೆಣ್ಣಿನ ಹೊರಗೆ 4-3ರಲ್ಲಿ ಬಂದು ಇಣುಕಿದರೆ ನೀವು ನಿಶ್ಚಿಂತೆಯಿಂದ ಬೇರೆ ಕಡೆ ಆಡಬಹುದು.

ಪ್ರಶ್ನೆ: ಕತ್ತರಿಸುವ ಜಾಗವನ್ನು ನೇರ ತುಂಬಬೇಕೋ, ಹುಲಿಬಾಯಿ ಮಾಡಬೇಕೋ?
— ಓದುಗರು, ಯಾದಗಿರಿ

ಉತ್ತರ: ನಿಮ್ಮ ಕಪ್ಪು 3-4 ಮತ್ತು 4-3ರಲ್ಲಿ, ಬಿಳಿ 3-3ರಲ್ಲಿ ಇದೆ ಎನ್ನೋಣ. ಕತ್ತರಿಸುವ ಜಾಗ 4-4. ಅಲ್ಲಿಯೇ ಇಟ್ಟರೆ ಆ ಚಿಂತೆ ಕಡೆಯವರೆಗೂ ಇಲ್ಲ. 5-4ರಲ್ಲಿ ಇಟ್ಟರೆ 4-4ರ ಸುತ್ತ ಮೂರು ಕಡೆ ನಿಮ್ಮ ಕಾಯಿ, 4-5 ಒಂದೇ ಬಾಗಿಲು. ಚೀನಿಯರು ಇದನ್ನು ಹುಲಿಯ ಬಾಯಿ ಎಂದೇ ಕರೆಯುತ್ತಾರೆ. ನಮ್ಮ ಆಡು-ಹುಲಿ ಆಟದ ಹುಲಿ ಹಾರಿ ಹಿಡಿಯುತ್ತದೆ, ಇಲ್ಲಿಯದು ಬಾಯಿ ಮುಚ್ಚಿ ಹಿಡಿಯುತ್ತದೆ: ಬಿಳಿ 4-4ಕ್ಕೆ ಬಂದರೆ ನೀವು 4-5ರಲ್ಲಿ ಇಟ್ಟು ಎತ್ತಿಕೊಳ್ಳುತ್ತೀರಿ. ಕೂಡಿಸಿದ್ದರ ಜೊತೆಗೆ ಒಂದು ಗೆರೆ ಮುಂದಕ್ಕೂ ಹೋದಿರಿ, ಕಣ್ಣು, ಅಂದರೆ ನಿಮ್ಮ ಕಾಯಿಗಳ ನಡುವಿನ ಸುರಕ್ಷಿತ ಖಾಲಿ ಮನೆ, ಕಟ್ಟಲೂ ಸುಲಭ.

ಆದರೆ ಬಿಳಿ ಮೊದಲು 4-5ರಲ್ಲಿ ನಿಂತರೆ ನೀವು ತಕ್ಷಣ 4-4 ತುಂಬಬೇಕು. ತುಂಬಿದಾಗ 4-3, 4-4, 5-4 ಸೇರಿ ಅದೇ ಖಾಲಿ ತ್ರಿಕೋನ ಬರುತ್ತದೆ. ಹಾಗಾಗಿ ಬಾಯಿ ಬಿಳಿಯ ಬಲವಿರುವ ಕಡೆ ತೆರೆಯಬಾರದು. ಮೇಲ್ಗಡೆ ಬಿಳಿ ಜೋರಾಗಿದ್ದರೆ 5-4ರ ಬದಲು 4-5ರಲ್ಲಿ ಇಡಿ, ಬಾಯಿ ಬಲಕ್ಕೆ ತೆರೆದುಕೊಳ್ಳುತ್ತದೆ. ಮಣೆಯಲ್ಲಿ ಕೋ ಜಗಳ ನಡೆಯುತ್ತಿದ್ದರೆ, ಅಂದರೆ ಒಂದೇ ಕಾಯಿಯನ್ನು ಇಬ್ಬರೂ ಸರದಿಯಂತೆ ಎತ್ತುವ ಸ್ಥಿತಿ ಇದ್ದರೆ, ನೇರ ತುಂಬುವುದೇ ಒಳ್ಳೆಯದು. ಹುಲಿಬಾಯಿಗೆ ಬಿಳಿ ಹಾಕುವ ಪ್ರತಿ ಬೆದರಿಕೆಗೂ ನೀವು ಉತ್ತರ ಕೊಡುತ್ತ ಕೂತರೆ ಅವನು ಆ ಬಿಡುವಿನಲ್ಲಿ ಕೋ ಮರಳಿ ಎತ್ತುತ್ತಾನೆ.

ಪ್ರಶ್ನೆ: ಇಲ್ಲಿ ಅಂಗಡಿಗಳಲ್ಲಿ ಗೋ ಮಣೆ ಸಿಗುವುದಿಲ್ಲ. ಏನು ಮಾಡಬಹುದು?
— ಓದುಗರು, ಶಹಾಪುರ

ಉತ್ತರ: ಮನೆಯ ನೆಲಕ್ಕೆ ಶಹಾಬಾದ್ ಕಲ್ಲು ಹಾಸಿದ್ದರೆ ಅದೇ ಸಾಕು. ಚಾಕ್‌ಪೀಸಿನಿಂದ ಅಡ್ಡ 9, ಉದ್ದ 9 ಗೆರೆ, ನಡುವೆ 2 ಸೆಂ.ಮೀ. ಬಿಟ್ಟು ಎಳೆಯಿರಿ. ಒಟ್ಟು 16 ಸೆಂ.ಮೀ. ಚೌಕ, 81 ಮನೆ. ಶರಟಿನ ದೊಡ್ಡ ಗುಂಡಿ, 1.5 ಸೆಂ.ಮೀ. ಅಗಲದವು, ಕಪ್ಪು 41, ಬಿಳಿ 40 ತನ್ನಿ. 2 ಸೆಂ.ಮೀ.ಗಿಂತ ಅಗಲದ ಗುಂಡಿ ಪಕ್ಕದ ಮನೆಯ ಗುಂಡಿಗೆ ತಾಗಿ ಜರುಗುತ್ತದೆ. ತೊಗರಿ ಕಾಳು ನಮ್ಮಲ್ಲಿ ಬೇಕಾದಷ್ಟಿದ್ದರೂ ಬೇಡ, ಉರುಳುತ್ತದೆ. ಪೂರ್ಣ 19 ಗೆರೆಯ ಮಣೆಗೆ 36 ಸೆಂ.ಮೀ. ಚೌಕ, 361 ಮನೆ, ಕಪ್ಪು 181, ಬಿಳಿ 180 ಬೇಕು. ಜೋಡಣೆ ಕಲಿಯಲು 9 ಗೆರೆಯದೇ ಮೇಲು. ಅಲ್ಲಿ ಕಾಯಿಗಳು ಐದಾರು ನಡೆಯೊಳಗೇ ಮುಖಾಮುಖಿಯಾಗುತ್ತವೆ.