ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಕಾಲೇಜಿನಲ್ಲಿ ಮುದುಡಿ ಕೂರದಂತೆ ಅಧ್ಯಾಪಕರು ಏನು ಮಾಡಬಹುದು?

ಕಾಸರಗೋಡಿನ ಕಾಲೇಜೊಂದಕ್ಕೆ ಹೊಸದಾಗಿ ಸೇರಿದ್ದೀರಿ, ಕನ್ನಡ ಮಾಧ್ಯಮದ ಮಕ್ಕಳು ಕೊನೆಯ ಬೆಂಚಿನಲ್ಲಿ ಬಾಯಿ ಬಿಡದೆ ಕೂರುತ್ತಾರೆ, ಒಬ್ಬಳೇ ಏನು ಮಾಡಲಿ ಎಂದು ಕೇಳಿದ್ದೀರಿ. ಇದೇ ಜಿಲ್ಲೆಯಲ್ಲಿ ಹದಿನೇಳು ವರ್ಷಗಳಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ನನ್ನ ಉತ್ತರ: ಒಬ್ಬರೇ ಮಾಡಬೇಡಿ. ನಾನು ಹತ್ತು ವರ್ಷ ಒಬ್ಬಳೇ ಮಾಡಿ ನೋಡಿದೆ. ನನ್ನ ತರಗತಿಯಲ್ಲಿ ಧೈರ್ಯವಾಗಿ ಮಾತನಾಡಿದ ಮಗು ಮುಂದಿನ ತರಗತಿಯ ಬೆಲ್ ಹೊಡೆದ ಕೂಡಲೇ ಮತ್ತೆ ಮೌನವಾಗುತ್ತಿತ್ತು.

ಕಣ್ಣು ತೆರೆಸಿದವಳು ಪೆರ್ಲದ ಕಡೆಯ ಒಬ್ಬ ಹುಡುಗಿ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಅಷ್ಟಿಷ್ಟು ಮಲಯಾಳ. ಮೊದಲ ಸೆಮಿಸ್ಟರಿನಲ್ಲಿ ಸೂಚನಾ ಫಲಕದ ಮೇಲೆ ಮಲಯಾಳದಲ್ಲಿ ಒಂದು ಸೂಚನೆ ಬಿತ್ತು: ಸೋಮವಾರ 'ಉಪನ್ಯಾಸಂ' ಸಿದ್ಧವಿರಬೇಕು. ಗೆಳತಿಯೊಬ್ಬಳು ಅದನ್ನು ಓದಿ ಹೇಳಿದಳು. ನಮಗೆ ಉಪನ್ಯಾಸ ಎಂದರೆ ಭಾಷಣ, ಮಲಯಾಳದಲ್ಲಿ ಪ್ರಬಂಧ. ಈಕೆ ವಾರವಿಡೀ ಭಾಷಣ ಬಾಯಿಪಾಠ ಮಾಡಿದಳು. ಸೋಮವಾರ ಎಲ್ಲರೂ ನೂಲಿನಿಂದ ಕಟ್ಟಿದ ಹಾಳೆಗಳನ್ನು ಮೇಜಿನ ಮೇಲಿಡುತ್ತಿದ್ದರೆ, ಇವಳು ಅಂಗೈಯಗಲದ ಚೀಟಿಗಳನ್ನು ಹಿಡಿದು ತನ್ನ ಸರದಿಗಾಗಿ ಎದ್ದು ನಿಂತಳು. ತರಗತಿಗೆ ತರಗತಿಯೇ ನಕ್ಕಿತು.

ಮರುದಿನದಿಂದ ಅವಳು ಬರಲಿಲ್ಲ. ಎರಡು ವಾರ ನಾವು ನಾಲ್ವರು ಅಧ್ಯಾಪಕರು ನಾಲ್ಕು ಹಾಜರಿ ಪುಸ್ತಕಗಳಲ್ಲಿ ಅವಳಿಗೆ ಗೈರುಹಾಜರಿ ಹಾಕಿದೆವು. ಒಂದೇ ಕೋಣೆಯಲ್ಲಿ ಚಹಾ ಕುಡಿಯುವ ನಾವು ಒಬ್ಬರನ್ನೊಬ್ಬರು ಕೇಳಲೂ ಇಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಕೊನೆಗೆ ಅವಳ ಮನೆಗೆ ಹೋಗಿ ಕರೆತಂದೆವು.

ಆಮೇಲೆ ಪ್ರತಿ ಬುಧವಾರ ಮಧ್ಯಾಹ್ನ ಗ್ರಂಥಾಲಯದಲ್ಲಿ ಸೇರತೊಡಗಿದೆವು. ಮೊದಲು ಬಂದು ಕುಳಿತವರು ಆ ಸೂಚನೆ ಬರೆದ ಮಲಯಾಳ ಅಧ್ಯಾಪಕರೇ. ಅವರು ತ್ರಿಶೂರಿನವರು, ನಮ್ಮಲ್ಲಿ ಅತಿ ಹೆಚ್ಚು ನೊಂದವರೂ ಅವರೇ. ಎರಡೂ ಭಾಷೆಯಲ್ಲಿದ್ದು ಬೇರೆ ಬೇರೆ ಅರ್ಥ ಕೊಡುವ ಪದಗಳ ಪಟ್ಟಿ ಮಾಡಿದೆವು. ಉಪನ್ಯಾಸ, ಸಂಸಾರ (ಅವರಿಗದು ಮಾತುಕತೆ), ಅವಸರ. ಈ ಕೊನೆಯದು ನನ್ನದೇ ವಿಷಯಕ್ಕೆ ಸೇರಿದ್ದು: ಮಲಯಾಳದಲ್ಲಿ 'ತೊಳಿಲವಸರಂ' ಎಂದರೆ ಉದ್ಯೋಗಾವಕಾಶ. ನಾನು ತರಗತಿಯಲ್ಲಿ ಆ ಪದವನ್ನು ಎಷ್ಟು ಸಲ ಬಳಸಿದ್ದೆನೋ, ಕನ್ನಡದ ಮಕ್ಕಳು ಅದನ್ನು ಕೆಲಸದ ಗಡಿಬಿಡಿ ಎಂದುಕೊಂಡೇ ಕೇಳುತ್ತಿದ್ದರಂತೆ! ಪಟ್ಟಿಯನ್ನು ಮುಂದೆ ಬೆಳೆಸಿದವಳು ಅದೇ ಹುಡುಗಿ.

ಸೂಚನೆಗಳು ಕನ್ನಡದಲ್ಲೂ ಬರಬೇಕೆಂದು ಪ್ರಾಂಶುಪಾಲರ ಬಳಿಗೆ ಹೋದಾಗ ಬರಿಗೈಯಲ್ಲಿ ಹೋಗಲಿಲ್ಲ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯ ಪ್ರಕಾರ ಇಲ್ಲಿನ ಕನ್ನಡಿಗರು ಸ್ಥಳೀಯ ಸರ್ಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವನ್ನೂ ಕನ್ನಡದಲ್ಲೇ ಪಡೆಯಬಹುದು. ಈ ಮಕ್ಕಳು ಎಲ್ಲಿಂದಲೋ ವಲಸೆ ಬಂದವರಲ್ಲ. 1956ರಲ್ಲಿ ಗಡಿ ಸರಿಯಿತು, ಇವರ ಅಜ್ಜ ಅಜ್ಜಿಯರು ಇದ್ದಲ್ಲೇ ಇದ್ದರು. ಸಹೋದ್ಯೋಗಿಗಳಿಗೆ ಇದನ್ನು ಜಗಳದ ದನಿಯಲ್ಲಲ್ಲ, ಸಮಾಧಾನದಿಂದ ತಿಳಿಸಿ ಹೇಳಿ. ದಕ್ಷಿಣದಿಂದ ವರ್ಗವಾಗಿ ಬಂದ ಅನೇಕರಿಗೆ ಇದು ನಿಜವಾಗಿಯೂ ಗೊತ್ತಿರುವುದಿಲ್ಲ.

ಭಾಷೆಯೊಂದೇ ಅಲ್ಲ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕಾದ ಪರಿಶಿಷ್ಟ ವರ್ಗದ ಮಕ್ಕಳ ಹೆಸರನ್ನು ನಮ್ಮಲ್ಲಿ ತುಂಬಿದ ತರಗತಿಯಲ್ಲಿ ಕೂಗಿ ಹೇಳುತ್ತಿದ್ದರು. ಕೊರಗ ಎಂಬ ಬುಡಕಟ್ಟು ಸಮುದಾಯದ ಒಬ್ಬ ಹುಡುಗ ತನ್ನ ಹೆಸರು ಬಂದಾಗ ಕಿಟಕಿಯ ಕಡೆ ಮುಖ ತಿರುಗಿಸಿದ್ದನ್ನು ಕಂಡವರು ಗಣಿತದ ಅಧ್ಯಾಪಕಿ. ಬುಧವಾರ ಅವರು ಹೇಳಿದ ಮೇಲೆಯೇ ಅದು ನಿಂತಿತು. ಈಗ ಒಬ್ಬೊಬ್ಬರನ್ನೇ ಕರೆದು ತಿಳಿಸುತ್ತೇವೆ. ನಾನು ಅದೇ ತರಗತಿಗೆ ದಿನವೂ ಹೋಗುತ್ತಿದ್ದೆ, ನನಗೆ ಕಂಡಿರಲಿಲ್ಲ. ಬೇರೆ ಬೇರೆ ವಿಭಾಗದವರು ಒಟ್ಟಿಗೆ ಕೂರಬೇಕು ಎನ್ನುವುದು ಇದಕ್ಕಾಗಿಯೇ.

ಇಂಥ ಗುಂಪುಗಳು ಬೇರೆ ಕಡೆಯೂ ಇವೆ. ಅಮೆರಿಕದ ಓಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದಲ್ಲಿ 1979ರಿಂದಲೇ ಬೇರೆ ಬೇರೆ ವಿಭಾಗಗಳ ಅಧ್ಯಾಪಕರ ಸಣ್ಣ ಗುಂಪುಗಳು ವರ್ಷವಿಡೀ ಸೇರಿ ತಮ್ಮ ಪಾಠವನ್ನು ತಾವೇ ಪರಿಶೀಲಿಸುತ್ತ ಬಂದಿವೆ. ವರ್ಷವಿಡೀ ಎಂಬುದನ್ನು ಗಮನಿಸಿ. ಒಂದು ದಿನದ ಕಾರ್ಯಾಗಾರದಿಂದ ಈ ಕೆಲಸ ಆಗುವುದಿಲ್ಲ.

ಎಲ್ಲರೂ ಬರುವುದಿಲ್ಲ, ಕಾಯಲೂ ಬೇಡಿ. ನಾವು ಶುರು ಮಾಡಿದಾಗ ನಾಲ್ಕೇ ಜನ. ನಾಳೆ ನಿಮ್ಮ ಹಾಜರಿ ಪುಸ್ತಕ ಹಿಡಿದು ಪಕ್ಕದ ವಿಭಾಗದ ಒಬ್ಬರ ಬಳಿ ಹೋಗಿ, ಹೆಚ್ಚು ಗೈರಾದ ಐದು ಹೆಸರು ಓದಿ. ಅವರ ಪುಸ್ತಕದಲ್ಲೂ ಅದೇ ಹೆಸರಿದ್ದರೆ, ಆ ವಿದ್ಯಾರ್ಥಿಯನ್ನು ಮೊದಲು ಮಾತನಾಡಿಸುವವರು ಯಾರು ಎಂದು ಅಲ್ಲೇ ನಿರ್ಧರಿಸಿ.