ಸಂಪಾದಕರ ಉತ್ತರ: ಮೊದಲು ನಿಮ್ಮ ಪಟ್ಟಿ ಬರೆಯಿರಿ

ಮೈಸೂರಿನ ಕುವೆಂಪುನಗರದಿಂದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: "ಮಗಳು ಸಿಯಾಟಲ್‌ನಲ್ಲಿದ್ದಾಳೆ. ಅಲ್ಲಿ ಬಿಳಿಯರು, ಕರಿಯರು, ನಮ್ಮವರು ತಿಂಗಳಿಗೊಮ್ಮೆ ಸೇರಿ, ಚರ್ಮದ ಬಣ್ಣದಿಂದ ಯಾರಿಗೆ ಏನು ಅನುಕೂಲ ಆಯಿತು ಅಂತ ಮಾತಾಡ್ತಾರಂತೆ. ನಮ್ಮ ಮಹಿಳಾ ಸಮಾಜದಲ್ಲೂ ಮಾಡೋಣ ಅಂದೆ. ಒಬ್ಬರು 'ನಮ್ಮಲ್ಲಿ ಬಿಳಿ ಕಪ್ಪು ಎಲ್ಲಿದೆ?' ಅಂದರು. ಇನ್ನೊಬ್ಬರು 'ಜಾತಿ ಮಾತಾಡಿದಷ್ಟೂ ಜಾತಿ ಬೆಳೆಯುತ್ತೆ' ಅಂದರು. ನಮ್ಮ ಬೀದಿಗೆ ಬರುವ ಪೌರಕಾರ್ಮಿಕ ಹೆಣ್ಣುಮಕ್ಕಳನ್ನು ಕರೆಸಿ, ಅವರ ಕಷ್ಟ ಅವರ ಬಾಯಿಂದಲೇ ಕೇಳೋಣ ಅಂತ ನನ್ನ ಯೋಚನೆ. ಹಾಲ್ ಇದೆ, ಕಾಫಿ ತಿಂಡಿ ಆಗುತ್ತೆ. ಹೇಗೆ ಶುರು ಮಾಡಲಿ?"

ಮೇಡಂ, ಅವರನ್ನು ಕರೆಸಬೇಡಿ.

ನಿಮ್ಮ ಉದ್ದೇಶ ಒಳ್ಳೆಯದೇ. ಆದರೆ ತಾವು ಗುಡಿಸುವ ಬೀದಿಯ ಮನೆಯವರ ಎದುರೇ ನಿಂತು 'ನೀವು ನಮ್ಮನ್ನು ಹೀಗೆ ನಡೆಸಿಕೊಳ್ತೀರಿ' ಅಂತ ಯಾರು ತಾನೇ ಹೇಳುತ್ತಾರೆ? ಮಾರನೇ ದಿನ ಅದೇ ಗೇಟಿನ ಮುಂದೆ ಗಾಡಿ ನಿಲ್ಲಿಸಬೇಕು. 'ಎಲ್ಲಾ ಚೆನ್ನಾಗಿ ನೋಡ್ಕೋತಾರೆ ಕಣಮ್ಮ' ಅಂದು, ಕಾಫಿ ಕುಡಿದು ಹೊರಡುತ್ತಾರೆ. ನಿಮ್ಮ ಸದಸ್ಯರಿಗೆ ಅದೇ ಸರ್ಟಿಫಿಕೇಟ್ ಆಗುತ್ತೆ. ಪೌರಕಾರ್ಮಿಕರು ಹೇಳಬೇಕಾದ್ದನ್ನು ಹೇಳಿಯೂ ಆಗಿದೆ. ಸ್ವಚ್ಛ ನಗರಗಳ ಪಟ್ಟಿಯಲ್ಲಿ ಮೈಸೂರಿಗೆ 2015ರಲ್ಲೂ 2016ರಲ್ಲೂ ಮೊದಲ ಸ್ಥಾನ ಸಿಕ್ಕಿತು, ನಾವೆಲ್ಲ ಎದೆಯುಬ್ಬಿಸಿದೆವು. 2022ರ ಜುಲೈನಲ್ಲಿ ಕೆಲಸ ಖಾಯಂ ಮಾಡಿ ಎಂದು ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಕೂತರು. ಮೈಕಿನಲ್ಲೇ ಹೇಳಿದರು. ಕೇಳಬೇಕು ಅನ್ನಿಸಿದರೆ ಅವರ ಸಂಘದ ಸಭೆಗೆ ನೀವೇ ಹೋಗಿ, ಹಿಂದಿನ ಸಾಲಿನಲ್ಲಿ ಕೂತು ಬನ್ನಿ.

ನಿಮ್ಮ ಮಗಳು ಹೋಗುವಂಥ ಗುಂಪುಗಳಲ್ಲಿ ಜಾಸ್ತಿ ಚರ್ಚೆಯಾಗುವ ಒಂದು ಬರಹ 1988ರದು. ಬರೆದವರು ಅಮೆರಿಕದ ವೆಲ್ಲೆಸ್ಲಿ ಕಾಲೇಜಿನ ಪೆಗ್ಗಿ ಮ್ಯಾಕಿಂಟಾಷ್, ಬಿಳಿಯ ಹೆಂಗಸು. ಹೆಂಗಸರಿಗೆ ಅನ್ಯಾಯ ಆಗಿದೆ ಎಂದು ಒಪ್ಪುವ ಗಂಡಸರು, ಅದರಿಂದ ತಮಗೆ ಲಾಭ ಆಗಿದೆ ಎಂದರೆ ಒಪ್ಪುತ್ತಿರಲಿಲ್ಲ. ಅದನ್ನು ಕಂಡ ಆಕೆ ಅದೇ ಪ್ರಶ್ನೆಯನ್ನು ತನಗೆ ಹಾಕಿಕೊಂಡರು. ಜೊತೆಗೆ ಕೆಲಸ ಮಾಡುವ ಕಪ್ಪು ಹೆಂಗಸರಿಗೆ ಸಿಗದ ಏನೇನು ನನಗೆ ಸುಮ್ನೆ ಸಿಕ್ಕಿದೆ? 46 ಸಂಗತಿ ಬರೆದರು. ದೊಡ್ಡ ದೊಡ್ಡ ಮಾತೇನಲ್ಲ. ಅಂಗಡಿಗೆ ಹೋದರೆ ನನ್ನ ಹಿಂದೆ ಯಾರೂ ಕಾವಲು ಬರಲ್ಲ. ಗಾಯಕ್ಕೆ ಅಂಟಿಸುವ ಪಟ್ಟಿ ಹೆಚ್ಚುಕಮ್ಮಿ ನನ್ನ ಚರ್ಮದ ಬಣ್ಣದ್ದೇ ಸಿಗುತ್ತೆ. ಇಂಥವು. ಯಾರನ್ನೋ ಕರೆಸಿ ಕಷ್ಟ ಕೇಳಿದ ಪಟ್ಟಿ ಅಲ್ಲ ಅದು. ತನ್ನ ಅನುಕೂಲವನ್ನು ತಾನೇ ಎಣಿಸಿದ್ದು.

ನಿಮ್ಮ ಹಾಲ್‌ನಲ್ಲೂ ಮೊದಲು ಕಾಗದ, ಪೆನ್ನು ಹಂಚಿ. ಬಾಡಿಗೆ ಮನೆ ಕೇಳಲು ಹೋದಾಗ 'ನೀವು ಯಾವ ಜನ?' ಎಂಬ ಪ್ರಶ್ನೆಗೆ ಉತ್ತರಿಸಲು ಅಳುಕಾಗಿತ್ತಾ? ಭಾನುವಾರದ ಸಾರಿನ ವಾಸನೆ ಹೊರಗೆ ಹೋಗದಿರಲಿ ಅಂತ ಕಿಟಕಿ ಮುಚ್ಚಿದ್ದುಂಟಾ? ಮಗನಿಗೆ ಸೀಟು ಸಿಕ್ಕಾಗ 'ಕೋಟಾನಾ?' ಅಂತ ಯಾರಾದರೂ ಕೇಳಿದ್ರಾ? ಅಜ್ಜ ಎಷ್ಟು ಓದಿದ್ದರು? ಜಮೀನಿತ್ತಾ? ಅದನ್ನು ಮಾರಿ ಯಾರ ಓದಾಯಿತು, ಯಾವ ಸೈಟಾಯಿತು? ಈ ಅಜ್ಜನ ಪ್ರಶ್ನೆಗೆ ಒಂದು ಸಂಜೆ ಪೂರ್ತಿ ಕೊಡಿ. 'ನಾವು ಕಷ್ಟಪಟ್ಟೇ ಮೇಲೆ ಬಂದಿದ್ದು' ಎಂಬ ಮಾತು ಬಂದೇ ಬರುತ್ತೆ. ಸುಳ್ಳೇನಲ್ಲ. ಆದರೆ ಅಷ್ಟೇ ಕಷ್ಟಪಟ್ಟ ಇನ್ನೊಬ್ಬರಿಗೆ ಶಾನುಭೋಗ ಅಜ್ಜನೂ ಇರಲಿಲ್ಲ, ಪಟೇಲ ಅಜ್ಜನೂ ಇರಲಿಲ್ಲ.

ಜಾತಿ ಮಾತಾಡಿದರೆ ಜಾತಿ ಬೆಳೆಯುತ್ತೆ ಎಂಬ ವಾದ ನಮ್ಮ ಊರಿಗೆ ಹಳೆಯದು. 1918ರಲ್ಲಿ ಬ್ರಾಹ್ಮಣೇತರರ ಸಂಘಟನೆಯಾದ ಪ್ರಜಾಮಿತ್ರ ಮಂಡಳಿಯವರು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮನವಿ ಕೊಟ್ಟರು. ಸರ್ಕಾರಿ ಹುದ್ದೆಗಳಲ್ಲಿ ಬಹುಪಾಲು ಬ್ರಾಹ್ಮಣರೇ ಇದ್ದಾರೆ, ನಮಗೂ ಪಾಲು ಬೇಕು ಎಂದರು. ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಸಮಿತಿ ನೇಮಿಸಿದರು. 1919ರಲ್ಲಿ ಬಂದ ವರದಿ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಇತರರಿಗೆ ಸಿಗಬೇಕು ಎಂದಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಹೀಗೆ ಜಾತಿ ನೋಡಿ ಪಾಲು ಕೊಡುವುದು ಮೊದಲಿಂದಲೂ ಒಪ್ಪಿಗೆಯಿರಲಿಲ್ಲ. ಪ್ರತಿಭೆಯೇ ಅಳತೆಯಾಗಬೇಕು ಎಂಬುದು ಅವರ ನಿಲುವು. ಸಮಿತಿ ನೇಮಕವಾದ ವರ್ಷವೇ ಅವರು ದಿವಾನಗಿರಿ ಬಿಟ್ಟರು. ಮಂಡ್ಯದ ಕಡೆ ಎಷ್ಟೋ ಮನೆಗಳಲ್ಲಿ ಮಹಾರಾಜರು, ವಿಶ್ವೇಶ್ವರಯ್ಯ ಇಬ್ಬರ ಫೋಟೊಗಳೂ ಅಕ್ಕಪಕ್ಕ ತೂಗುತ್ತವೆ. ಇಬ್ಬರೂ ಯಾವ ವಿಚಾರಕ್ಕೆ ಬೇರೆಯಾದರು ಎಂಬುದು ಮಾತ್ರ ಯಾರ ಬಾಯಲ್ಲೂ ಬರಲ್ಲ.

ಅಂದು ಪಾಲು ಕೇಳಿದವರಲ್ಲಿ ಒಕ್ಕಲಿಗ, ಲಿಂಗಾಯತ ಮುಖಂಡರೂ ಮುಂದಿದ್ದರು. ಇಂದು ನಮ್ಮ ಮೈಸೂರು, ಮಂಡ್ಯ ಎರಡೂ ಜಿಲ್ಲೆಗಳಲ್ಲಿ ಬಲ ಯಾರದು ಎಂದು ಹೇಳಬೇಕಾಗಿಲ್ಲ. 2024ರ ನವೆಂಬರಿನಲ್ಲಿ ಮಂಡ್ಯದ ಪಕ್ಕದ ಹನಕೆರೆಯಲ್ಲಿ ದಲಿತರು ಕಾಲಭೈರವೇಶ್ವರ ದೇವಸ್ಥಾನದೊಳಗೆ ಹೋದರು. ಅದಕ್ಕೆ ಸಿಟ್ಟಾದ ಕೆಲವರು ಉತ್ಸವಮೂರ್ತಿಯನ್ನೇ ಹೊರಗೆ ತೆಗೆದುಕೊಂಡು ಹೋದರು. ಹಾಗಾಗಿ ನಿಮ್ಮ ಸಭೆ ಬ್ರಾಹ್ಮಣರನ್ನು ಕೂರಿಸಿ ಬೈಯುವ ಸಭೆಯಾಗದಿರಲಿ. ಗೌಡರು, ಲಿಂಗಾಯತರು ಪಕ್ಕದಲ್ಲಿ ಆರಾಮಾಗಿ ಕೂತು ತಲೆಯಾಡಿಸುವ ಸಭೆಯೂ ಆಗದಿರಲಿ. ಇದು ಕಷ್ಟದ ಭಾಗ. ನಿನ್ನೆ ಅರ್ಜಿ ಹಿಡಿದು ನಿಂತವರ ಮನೆಯಲ್ಲೇ ಇವತ್ತು ಬೀಗದ ಕೈ ಇರುತ್ತೆ.

ಇನ್ನು ಬಿಳಿ ಕಪ್ಪಿನ ಮಾತು. ಜಾತಿಯೂ ಜನಾಂಗವೂ ಒಂದೇ ಅಲ್ಲ, ನಿಜ. ಎರಡೂ ಒಂದೇ ಎಂಬುದನ್ನು ಅಂಬೇಡ್ಕರರೇ ಒಪ್ಪಲಿಲ್ಲ. ಆದರೂ 1946ರಲ್ಲಿ ಅವರು ಅಮೆರಿಕದ ಕರಿಯರ ನಾಯಕ ಡುಬಾಯ್ಸ್ ಅವರಿಗೆ ಕಾಗದ ಬರೆದರು. ಕರಿಯರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿಯನ್ನು ನನಗೆ ಕಳಿಸಿಕೊಡಿ, ನಮ್ಮವರಿಗೂ ಅಂಥ ಯೋಚನೆಯಿದೆ ಎಂದು ಕೇಳಿದರು. ಡುಬಾಯ್ಸ್ ಉತ್ತರವನ್ನೂ ಬರೆದರು. ಹಾಗೇ, ಅಮೆರಿಕದಲ್ಲಿ ಜಾತಿ ತಾರತಮ್ಯವನ್ನು ನಿಷೇಧಿಸಿದ ಮೊದಲ ನಗರ ನಿಮ್ಮ ಮಗಳಿರುವ ಸಿಯಾಟಲ್, 2023ರ ಫೆಬ್ರವರಿಯಲ್ಲಿ. ಅಲ್ಲಿಗೆ ಜಾತಿಯನ್ನು ಹೊತ್ತುಕೊಂಡು ಹೋದವರು ಬಿಳಿಯರಂತೂ ಅಲ್ಲ, ಅಲ್ವಾ? ಬಣ್ಣದ ಲೆಕ್ಕದಲ್ಲಿ ನಿಮ್ಮ ಮಗಳು ಅಲ್ಲಿ ಒಂದು ಕಡೆ ಕೂರುತ್ತಾಳೆ, ಜಾತಿಯ ಲೆಕ್ಕದಲ್ಲಿ ಇನ್ನೊಂದು ಕಡೆ ಕೂರಬೇಕಾಗಬಹುದು. ಆ ಗುಂಪಿನಲ್ಲಿ ಅದನ್ನು ಹೇಳಿದ್ದಾಳಾ, ಕೇಳಿ ನೋಡಿ. ಬಣ್ಣವೇ ಬೇಕು ಅಂದರೂ ದೂರ ಹೋಗಬೇಕಿಲ್ಲ. ಆಫ್ರಿಕಾದಿಂದ ಓದಲು ಬಂದ ಹುಡುಗನಿಗೆ ನಿಮ್ಮ ಬೀದಿಯಲ್ಲಿ ಎಷ್ಟು ಮನೆಯವರು ಬಾಡಿಗೆಗೆ ಕೊಟ್ಟಾರು?

ಹತ್ತು ಹನ್ನೆರಡು ಜನ ಸಾಕು. ವೇದಿಕೆ, ಹಾರ, ಸ್ವಾಗತ ಭಾಷಣ ಬೇಡ. ಸದಸ್ಯರಲ್ಲಿ ದಲಿತರಿದ್ದರೆ ಅವರು ಎಲ್ಲರಂತೆ ಸದಸ್ಯರಾಗಿ ಬರಲಿ. ಮಾತಾಡು ಎಂದು ಒತ್ತಾಯ ಮಾಡಬೇಡಿ. 'ನಾನು ಹಾಗಲ್ಲ' ಎಂಬ ಮಾತಿಗೆ ಮೊದಲ ದಿನವೇ ತಡೆ ಹಾಕಿ. ಕಣ್ಣೀರಿಗೂ ಅಷ್ಟೇ. ಅಳುವವರನ್ನು ಸಮಾಧಾನ ಮಾಡುವುದರಲ್ಲೇ ಸಂಜೆ ಮುಗಿದುಬಿಡುತ್ತೆ. ತಿಳಿದವರನ್ನು ಕರೆಸಿ ಪಾಠ ಕೇಳುವುದಾದರೆ ಶಾಲು ಹೊದಿಸಿ ಕಳಿಸಬೇಡಿ, ಸಂಭಾವನೆ ಕೊಡಿ. 'ಜಾತಿ ಬೆಳೆಯುತ್ತೆ' ಎಂದವರನ್ನು ಬಿಡಬೇಡಿ. ಮುಖಕ್ಕೇ ಹೇಳುವವರು ಒಬ್ಬರಾದರೂ ಇರಬೇಕು.

ಮೂರನೇ ಸಭೆಯ ಹೊತ್ತಿಗೆ ಮಾತಿನಿಂದ ಕೆಲಸಕ್ಕೆ ಇಳಿಯಿರಿ. ನಿಮ್ಮ ಸದಸ್ಯರಲ್ಲೇ ಮೇಲಿನ ಮಹಡಿ ಬಾಡಿಗೆಗೆ ಕೊಡುವವರು ಇರುತ್ತಾರೆ. ಮುಂದಿನ ಸಲ ಟು ಲೆಟ್ ಬೋರ್ಡ್ ಹಾಕಿದಾಗ ಬಂದವರ ಜಾತಿ ಕೇಳುವುದಿಲ್ಲ, ಯಾರಿಂದಲೂ ಕೇಳಿಸುವುದಿಲ್ಲ ಎಂದು ಎಷ್ಟು ಜನ ಸಹಿ ಹಾಕುತ್ತಾರೆ ನೋಡಿ. ಸಹಿ ಹಾಕದವರು ಕಾರಣ ಹೇಳಲಿ. ಆ ಕಾರಣಗಳನ್ನು ಹೆಸರಿಲ್ಲದೆ ನಮಗೆ ಬರೆದು ಕಳಿಸಿ, ಪ್ರಕಟಿಸುತ್ತೇವೆ.