ಹಾಸನದವನು ನಾನು. ಅಜನೀಶ್ ಲೋಕನಾಥ್ ಸಂಗೀತವನ್ನು ಎಲ್ಲಿಂದ ಕೇಳಲು ಶುರು ಮಾಡಲಿ?

ನಮ್ಮೂರಿನವರಾದರೆ 2016ರ 'ಕಿರಿಕ್ ಪಾರ್ಟಿ'ಯಿಂದಲೇ ಶುರು ಮಾಡಿ. ಅದರಲ್ಲಿ ಕಾಣುವ ಕಾಲೇಜು ನಮ್ಮ ಮಲೆನಾಡು ಎಂಜಿನಿಯರಿಂಗ್ ಕಾಲೇಜೇ ಅಲ್ವಾ! ಆದರೆ ಹಾಡುಗಳಿಗೇ ನಿಲ್ಲಿಸಬೇಡಿ. ಅವು ಹೇಗೂ ಎಲ್ಲರಿಗೂ ಬಾಯಿಪಾಠ. ಅಜನೀಶ್ ಅವರ ಕೈಚಳಕ ಜಾಸ್ತಿ ಗೊತ್ತಾಗುವುದು ಹಿನ್ನೆಲೆ ಸಂಗೀತದಲ್ಲಿ.

ಅದಕ್ಕೆ 2015ರ 'ರಂಗಿತರಂಗ' ನೋಡಿ. ಹಾಡುಗಳು ಅನೂಪ್ ಭಂಡಾರಿ ಅವರವು, ಹಿನ್ನೆಲೆ ಅಜನೀಶ್ ಅವರದು. ಹಾಗಾಗಿ ಅವರ ಕೆಲಸವನ್ನು ಬೇರೆಯಾಗಿಯೇ ಗಮನಿಸಬಹುದು. ಟಿವಿಯಲ್ಲಿ ಬಂದಾಗ ಹೆದರಿಸುವ ಒಂದು ದೃಶ್ಯಕ್ಕೆ ಸೌಂಡ್ ಮ್ಯೂಟ್ ಮಾಡಿ. ಅರ್ಧ ಭಯ ಅಲ್ಲೇ ಇಳಿದುಹೋಗುತ್ತದೆ. ಮತ್ತೆ ಸೌಂಡ್ ಕೊಟ್ಟು, ಸಂಗೀತ ಎಲ್ಲಿ ಶುರುವಾಗುತ್ತದೆ, ಎಲ್ಲಿ ತಟ್ಟನೆ ನಿಲ್ಲುತ್ತದೆ ಎಂದಷ್ಟೇ ಕೇಳಿ. ಆ ನಿಲ್ಲಿಸುವ ಜಾಗ ಹುಡುಕುವುದೇ ಕಷ್ಟದ ಕೆಲಸ.

2022ರ 'ಕಾಂತಾರ'ದಲ್ಲಿ ದೈವದ ಆ 'ಓ' ಎನ್ನುವ ಕೂಗು ನೆನಪಿದೆಯಲ್ಲ? ಅಲ್ಲಿ ಮನುಷ್ಯನ ಗಂಟಲೇ ವಾದ್ಯದ ಕೆಲಸ ಮಾಡುತ್ತದೆ. ಅದನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ, ಹೆಡ್‌ಫೋನ್ ಹಾಕಿಕೊಳ್ಳಿ. ಚೆಂಡೆ, ಡ್ರಮ್‌ಗಳ ಗುಡುಗು ಸಣ್ಣ ಸ್ಪೀಕರ್‌ನಲ್ಲಿ ಸಿಗುವುದಿಲ್ಲ.

ಮಾಸ್ ಚಿತ್ರಗಳಲ್ಲಿ ಅವರ ಅಬ್ಬರ ನನಗೆ ಸ್ವಲ್ಪ ಜಾಸ್ತಿ ಎನ್ನಿಸುತ್ತದೆ. ಅವುಗಳನ್ನು ಕೊನೆಗೆ ಇಟ್ಟುಕೊಳ್ಳಿ.